ಹೌದಿನ ಮನೆ

ಸೊಲ್ಲಾಪುರದಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ವಿಭಾಗದವರು ಹೋದ ತಿಂಗಳು ಫೋನ್ ಮಾಡಿ, ನನ್ನ ಹೆಸರಿನಲ್ಲಿ ಉಳಿದಿದ್ದ ಸಾಮಾನು ಬಂದು ಒಪ್ಪಿಸಿಹೋಗಿ ಎಂದರು. ನನ್ನ ಮನೆಯ ಕಪಾಟಿನ ಅಡಿಯಲ್ಲಿ ಆ ಕಪ್ಪು ಚೀಲ ಹಾಗೇ ಇತ್ತು. ಜಿಪ್ಪು ಎಳೆದೆ. ರೆಕಾರ್ಡರ್, ಎರಡು ಮೈಕು, ಗಂಟುಬಿದ್ದ ವಾಯರು, ಮೈಕಿನ ತಲೆಗೆ ತೊಡಿಸುವ ಸ್ಪಂಜಿನ ಟೊಪ್ಪಿಗೆ. ಆ ಸ್ಪಂಜನ್ನು ಹಿಂಡಿದಾಗ ಗುಡಿಯಲ್ಲಿ ಎರಚುವ ಭಂಡಾರದ ವಾಸನೆ ಬಂತು. ಅರಿಶಿನ, ಕುರಿಯ ಉಣ್ಣೆ, ಸ್ವಲ್ಪ ಹೊಗೆ.

ಬಂತು ಎಂದು ಬರೆದೆ. ನಿಜವಾಗಿ ಬಂತೋ, ಸ್ಪಂಜಿನ ಹಳದಿ ಕಲೆ ಕಂಡು ನನ್ನ ಮೂಗು ತಾನೇ ಹುಟ್ಟಿಸಿಕೊಂಡಿತೋ ಹೇಳಲಾರೆ. ಆ ವರ್ಷದ ಬಗ್ಗೆ ನನ್ನಲ್ಲಿ ಇರುವುದೆಲ್ಲ ಇದೇ ಬಗೆಯದು. ದೀಪಾವಳಿಯಿಂದ ಬಿಳಿಜೋಳದ ಸುಗ್ಗಿಯವರೆಗಿನ ಒಂದು ಹಂಗಾಮು. ಅಷ್ಟರಲ್ಲಿ ನನ್ನ ಕಿವಿಯ ಮೇಲಿನ ನಂಬಿಕೆ ಹೊರಟುಹೋಯಿತು. ಅದು ಇನ್ನೂ ಪೂರ್ತಿಯಾಗಿ ಮರಳಿಲ್ಲ.

ನಾನು ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವನು. ಅಪ್ಪ ಕಚೇರಿಯ ಕಾರಕೂನ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಓದುವುದನ್ನು ನಾನು ಕಲಿತದ್ದು ಎಂ.ಎ. ಮಾಡುವಾಗ, ಅದೂ ಕೆಲಸ ಸಿಕ್ಕೀತು ಎಂಬ ಆಸೆಯಿಂದ. ದೇವರ ಮೇಲೆ ನಂಬಿಕೆ ಇರಲಿಲ್ಲ. ದೇವರನ್ನು ನಂಬುವವರ ಮೇಲೆ ಕುತೂಹಲವಿತ್ತು. ಧರ್ಮದ ಅಧ್ಯಯನಕ್ಕೆ ಡಿಜಿಟಲ್ ಸಾಧನಗಳನ್ನು ಬಳಸುವ ಒಂದು ಯೋಜನೆ ಆಗ ನಮ್ಮ ವಿಭಾಗಕ್ಕೆ ಬಂದಿತ್ತು. ಕುರಿಗಾರರ ದೇವರಾದ ಬೀರೋಬ, ಮೈಲಾರರ ಹಾಡು, ಕಥೆ, ಹೇಳಿಕೆಗಳನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಯಾರು ಎಲ್ಲಿ ಕುಳಿತು ಬೇಕಾದರೂ ಕೇಳುವಂತೆ ಜಾಲತಾಣದಲ್ಲಿ ಇಡುವುದು ಕೆಲಸ. ನಮ್ಮ ಮೇಡಂ ಮೊದಲ ದಿನವೇ ಹೇಳಿದ್ದರು: "ನಾವು ದಾಖಲೆ ಮಾಡುವವರು. ತೀರ್ಪು ಕೊಡುವವರಲ್ಲ." ಆ ಮಾತು ನನಗೆ ಬಹಳ ಹಿಡಿಸಿತ್ತು.

ಹುಲಜಂತಿ ಕಡೆಯ ಹಾಡುಗಾರರಿಂದ ಶುರುಮಾಡಿ, ಕಂದಲಗಾಂವ ಮುಗಿಸಿ, ಕೊನೆಗೆ ಅಕ್ಕಲಕೋಟೆ ತಾಲೂಕಿಗೆ ಬಂದೆ. ಕುರನೂರ ಅಣೆಕಟ್ಟಿನ ಹಿನ್ನೀರಿನಿಂದ ಸ್ವಲ್ಪ ದೂರದಲ್ಲಿ ಕುರಿಗಾರರ ಒಂದು ವಸ್ತಿ. ಹತ್ತಾರು ಮನೆ, ಸುತ್ತ ಕರಿ ಎರೆಹೊಲ, ನಡುವೆ ಬೀರೋಬನ ಚಿಕ್ಕ ಗುಡಿ. ಗುಡಿಗೆ ಅಂಟಿಕೊಂಡು ತಗಡಿನ ಒಂದು ಕೋಣೆ. ಅದರಲ್ಲಿ ಪೂಜಾರಿ ಬೀರಪ್ಪಜ್ಜ ಮತ್ತು ಅವನ ಮಗಳು ಮಾದೇವಿ ಇರುತ್ತಿದ್ದರು. ಅಜ್ಜನಿಗೆ ಗಂಡುಮಕ್ಕಳಿಲ್ಲ. ಮಾದೇವಿ ಗಂಡ ಸತ್ತ ಮೇಲೆ ತವರಿಗೆ ಬಂದವಳು, ನನಗಿಂತ ಹಿರಿಯಳು. ಅಜ್ಜನ ಮೊಣಕಾಲು ಹೋದಂದಿನಿಂದ ಗುಡಿ ಗುಡಿಸುವುದು, ನೀರು ತರುವುದು, ದೀಪ ಹಚ್ಚುವುದು, ಕುರಿ ನೋಡುವುದು ಎಲ್ಲ ಅವಳದೇ. ಪದಗಳೂ ಅವಳಿಗೆ ಬಾಯಿಪಾಠ. ಪೂಜಾರಿಕೆಯ ಗುರುತಾದ ಬೆತ್ತ ಮಾತ್ರ ಅಜ್ಜನ ಕೈಯಲ್ಲಿತ್ತು. ಬೆತ್ತ ಯಾರಿಗೋ ಗುಡಿಯ ಕೀಲಿ ಅವರಿಗೆ, ಆ ಕೋಣೆಯೂ ಅವರಿಗೆ.

ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ, ಪೂಜಾರಿಯ ಮೈಮೇಲೆ ದೇವರು ಬಂದು ಮಳೆ ಬೆಳೆ ಕುರಿಗಳ ವಿಚಾರ ನುಡಿಯುತ್ತದೆ. ಇದೇ ಹೇಳಿಕೆ. ಆದರೆ ದೇವರು ನುಡಿದರೆ ಸಾಲದು. ಒಂದೊಂದು ಮಾತಿಗೂ ಎದುರಿಗೆ ನಿಂತ ಒಬ್ಬ ಮನುಷ್ಯ ಬಲಗೈ ಎತ್ತಿ 'ಹೌದು' ಎನ್ನಬೇಕು. ಅದರ ಮೇಲೆ ಡೊಳ್ಳಿನ ಪೆಟ್ಟು ಬೀಳಬೇಕು. ಹೌದು ಬೀಳದ ಮಾತನ್ನು ಯಾರೂ ನಡೆಸಬೇಕಾಗಿಲ್ಲ. ಹಾಗೆ ಎನ್ನುವ ಹಕ್ಕು ಒಂದೇ ಮನೆತನದ್ದು. ವಸ್ತಿಯಲ್ಲಿ ಅದಕ್ಕೆ ಹೌದಿನ ಮನೆ ಎಂದೇ ಹೆಸರು. ಆ ವರ್ಷ ಆ ಮನೆಯ ಹಿರಿಯ ಮಾಳಪ್ಪ. ನಗೆಗಾರ.

"ನಮ್ಮ ಮನ್ಯಾಗ ಗಂಡಾ ಹೆಂಡತಿ ಜಗಳಾನ ಇಲ್ರಿ ಸರ್ರ," ಎಂದಿದ್ದ ಮೊದಲ ಭೇಟಿಯಲ್ಲೇ. "ಆಕಿ ಏನಂದ್ರೂ ನಾ ಹೌದು ಅಂತೀನಿ. ರೂಢಿ ಬಿದ್ದ ಹೋಗೈತಿ. ಒಮ್ಮೆ ಅಕ್ಕಲಕೋಟ ಬಜಾರದಾಗ ಯಾವನೋ ಟಗರಿಗೆ ಅರ್ಧಾ ರೇಟ್ ಹೇಳಿದ, ಅದಕ್ಕೂ ಹೌದು ಅಂದು ಬಂದೀನಿ."

ಮುದ್ರಿಸುವ ಮೊದಲು ಎಲ್ಲರ ಒಪ್ಪಿಗೆಯನ್ನು ಕ್ಯಾಮರಾದ ಮುಂದೆ ಪಡೆಯುವುದು ನಮ್ಮ ನಿಯಮ. "ನಿಮ್ಮ ದನಿ ಮುದ್ರಿಸಿ ಜಾಲತಾಣದಲ್ಲಿ ಹಾಕಬಹುದೇ?" ಎಂದು ಕೇಳಿದೆ. ಮಾಳಪ್ಪ ಬಲಗೈ ಎತ್ತಿ, ಅಂಗೈ ಬಿಚ್ಚಿ, ಗುಡಿಯಲ್ಲಿ ಅನ್ನುವ ದನಿಯಲ್ಲೇ "ಹೌದು" ಎಂದ. ಸುತ್ತ ನಿಂತವರೆಲ್ಲ ನಕ್ಕರು. ಆ ತುಣುಕನ್ನು ಬೇರೆ ಫೈಲಿನಲ್ಲಿ ಇಟ್ಟೆ. ಮುಂದೆ ಅದೇ ನನ್ನನ್ನು ಕಾಡೀತೆಂದು ಆಗ ಹೊಳೆಯಲಿಲ್ಲ.

ಹೇಳಿಕೆಯ ದಿನ ಸಂಜೆ ಬಿಸಿಲು ಓರೆಯಾಗಿತ್ತು. ಒಂದು ಮೈಕನ್ನು ಬೀರಪ್ಪಜ್ಜನ ಕಂಬಳಿಗೆ ಸಿಕ್ಕಿಸಿದ್ದೆ. ಇನ್ನೊಂದನ್ನು ಡೊಳ್ಳಿನವರ ಪಕ್ಕ ಕೋಲಿನ ಮೇಲೆ ನಿಲ್ಲಿಸಿದ್ದೆ. ಕ್ಯಾಮರಾ ಅಜ್ಜನ ಮುಖದ ಮೇಲೆ; ಎದುರಿಗೆ ನಿಂತ ಮಾಳಪ್ಪ ಅದರಲ್ಲಿ ಕಾಣುತ್ತಿರಲಿಲ್ಲ. ಮುಖದ ಮೇಲೆಯೇ ಏಕೆ ಎಂದರೆ ನೋಡುವವರು ಮುಖವನ್ನೇ ಬಯಸುತ್ತಾರೆ ಎಂಬ ನಂಬಿಕೆ. ಅಜ್ಜ ನಡುಗುತ್ತ, ಬೆತ್ತ ಊರುತ್ತ, ಮಳೆ ಹೇಳಿದ. ಹೌದು. ಡೊಳ್ಳು. ಜೋಳ ಹೇಳಿದ. ಹೌದು. ಡೊಳ್ಳು. ಕುರಿಗೆ ಬರುವ ರೋಗ ಹೇಳಿದ. ಹೌದು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವನು ಬೆತ್ತವನ್ನು ತಲೆಯ ಮೇಲೆತ್ತಿ, ಯಾರೂ ಕೇಳದಿದ್ದ ಒಂದು ಮಾತು ನುಡಿದ: "ನನ್ನ ಬೆತ್ತ ಮಾದೇವಿ ಕೈಯಾಗ ಕೊಡ್ರಿ."

ಡೊಳ್ಳಿನವನು ಉಬ್ಬಿಹೋಗಿ ಒಮ್ಮೆಲೇ ಬಾರಿಸಿದ. ಭಂಡಾರ ಹಾರಿತು. ಜನ ಕೂಗಿದರು. ಅಜ್ಜ ಕುಸಿದ.

ಮಾಳಪ್ಪ ಹೌದು ಎಂದನೇ? ನನಗೆ ಚೆನ್ನಾಗಿ ನೆನಪಿದೆ. ಕೈ ಎತ್ತಿದ್ದ, ಕೊರಳಿಗೆ ಕೆಂಪು ಮಫ್ಲರ್ ಸುತ್ತಿದ್ದ, ಬಾಯಿ ತೆರೆದಿತ್ತು. ಹೌದು ಎಂದ.

ಅದಾಗಿ ಕೆಲವೇ ದಿನಗಳಲ್ಲಿ ಚಳಿ ಬಿದ್ದಿತು. ಬೆಳಗಿನ ಹೊತ್ತು ಹಿನ್ನೀರಿನ ಮೇಲೆ ಮಂಜು. ನಾನು ಸೊಲ್ಲಾಪುರದಲ್ಲಿ ಕುಳಿತು ಧ್ವನಿಯನ್ನು ಶುದ್ಧಗೊಳಿಸಿ, ಗದ್ದಲ ತೆಗೆದು, ವಿಡಿಯೋ ಏರಿಸಿದೆ. ಬರಹಕ್ಕಿಳಿಸುವಾಗ ಪ್ರತಿ ಮಾತಿನ ಕೆಳಗೂ 'ಹೌದು' ಎಂದು ಟೈಪ್ ಮಾಡಿದೆ. ಎಷ್ಟೋ ಊರಿನ ಎಷ್ಟೋ ಹೇಳಿಕೆಗಳಿಗೆ ಹಾಗೆ ಮಾಡಿ ಮಾಡಿ ಬೆರಳಿಗೂ ರೂಢಿ ಬಿದ್ದಿತ್ತು. ಆ ಚಳಿಯಲ್ಲೇ ಮಾಳಪ್ಪನಿಗೆ ಎದೆ ಕಟ್ಟಿ ಜ್ವರ ಬಂತು. ದವಾಖಾನೆಗೆ ಒಯ್ದರು. ಉಳಿಯಲಿಲ್ಲ.

ಮಾಳಪ್ಪ ಹೋದ ಮೇಲೆ ವಿಡಿಯೋ ಓಡಾಡತೊಡಗಿತು. ಪುಣೆಯಲ್ಲಿದ್ದ ಯಾರೋ ನಮ್ಮ ತಾಣದಿಂದ ಇಳಿಸಿಕೊಂಡು ವಸ್ತಿಯವರ ಗ್ರೂಪಿಗೆ ಹಾಕಿದರು. ಬೆತ್ತ ಹೆಣ್ಣಿನ ಕೈಗೆ ಹೋಗುವುದು ಬೀರಪ್ಪಜ್ಜನ ಅಣ್ಣತಮ್ಮಂದಿರ ಮನೆಗಳಿಗೆ ಮೊದಲಿನಿಂದಲೂ ಬೇಡವಾಗಿತ್ತು. ದೇವರೇ ನುಡಿದಿದೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ಈಗ ಅವರು ಮೊಬೈಲನ್ನು ಕಿವಿಗೆ ಹಚ್ಚಿ ಮತ್ತೆ ಮತ್ತೆ ಕೇಳಿದರು. ಅಜ್ಜನ ಮಾತಿದೆ, ಡೊಳ್ಳಿದೆ. ಹೌದು ಎಲ್ಲಿ?

ಒಂದು ಮಧ್ಯಾಹ್ನ ಧೂಳಪ್ಪ ವಿಭಾಗಕ್ಕೇ ಬಂದ. ಮಾಳಪ್ಪನ ಮಗ. ಸೊಲ್ಲಾಪುರದಲ್ಲಿ ಟೆಂಪೋ ಓಡಿಸುತ್ತಿದ್ದ. ಹೇಳಿಕೆಯ ದಿನ ಬಾಡಿಗೆಗೆ ಹೋಗಿ ವಸ್ತಿಯಲ್ಲಿ ಇರಲಿಲ್ಲ. ಈಗ ಹೌದಿನ ಹಕ್ಕು ಅವನದು.

"ಸರ್ರ, ದೇವರ ಹೇಳಿದ್ದು ಖರೆ ಐತಿ. ಯಾರೂ ಇಲ್ಲ ಅನ್ನಂಗಿಲ್ಲ," ಎಂದ. "ನಮ್ಮಪ್ಪ ಹೌದು ಅಂದಿದ್ದು ಎಲ್ಲೈತಿ, ಅಷ್ಟ ತೋರಸ್ರಿ. ಪುರಾವಾ ಬೇಕು."

"ನಾನು ಅಲ್ಲೇ ಇದ್ದೆ ಧೂಳಪ್ಪ. ಹೌದು ಅಂದರು."

"ನೀವು ಮಶೀನ ನೋಡಾಕತ್ತಿದ್ರೋ, ನಮ್ಮಪ್ಪನ್ನ ನೋಡಾಕತ್ತಿದ್ರೋ?"

ಶುದ್ಧಮಾಡದ ಮೂಲ ಫೈಲನ್ನು ತೆರೆದೆ. ಗದ್ದಲ ತೆಗೆಯುವ ಸಾಫ್ಟ್‌ವೇರು ದೂರದ ಸಣ್ಣ ದನಿಗಳನ್ನೂ ಗದ್ದಲವೆಂದೇ ಎಣಿಸಿ ಅಳಿಸಿರುತ್ತದೆ, ಮೂಲದಲ್ಲಿ ಎಲ್ಲ ಇರುತ್ತದೆ ಎಂದು ಅವನಿಗೆ ವಿವರಿಸಿದೆ. ಇತ್ತು. ಮಳೆಗೆ ಹೌದು. ಜೋಳಕ್ಕೆ ಹೌದು. ರೋಗಕ್ಕೆ ಹೌದು. ಪ್ರತಿಯೊಂದರಲ್ಲೂ ಮಾಳಪ್ಪನ ದನಿ ಬಂದಾಗ ಧೂಳಪ್ಪ ಕಣ್ಣು ಮುಚ್ಚುತ್ತಿದ್ದ. ಕೊನೆಯ ಮಾತು ಬಂತು. ಅದರ ಬೆನ್ನಿಗೇ ಡೊಳ್ಳು. ಮುಂದೆ ಬರೀ ಡೊಳ್ಳು.

ಧೂಳಪ್ಪ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ಎಲ್ಲಾದಕ್ಕೂ ಅಂದಾನ್ರಿ. ಇದೊಂದಕ್ಕ ಅಂದಿಲ್ಲ."

ಸಹಾಯ ಮಾಡಲು ಹೋಗಿ ನಾನು ಕೆಡಿಸಿದ್ದೆ. ಅಲ್ಲಿಯವರೆಗೆ ಯಾವ ಹೌದೂ ಕೇಳಿಸುತ್ತಿರಲಿಲ್ಲ. ಈಗ ಎಲ್ಲ ಕೇಳಿಸಿ ಒಂದೇ ಒಂದು ಕೇಳಿಸುತ್ತಿರಲಿಲ್ಲ.

ಅಂದಿನಿಂದ ನನಗೆ ಬೇರೆ ಕೆಲಸವೇ ಸಾಗಲಿಲ್ಲ. ದನಿಗಳನ್ನು ಬೇರ್ಪಡಿಸುವ ಹೊಸ ಸಾಫ್ಟ್‌ವೇರೊಂದನ್ನು ತಂದು, ಡೊಳ್ಳನ್ನು ಒಂದು ಕಡೆ, ಮನುಷ್ಯರ ದನಿಯನ್ನು ಇನ್ನೊಂದು ಕಡೆ ಮಾಡಲು ಹೇಳಿದೆ. ಡೊಳ್ಳಿನ ಅಡಿಯಿಂದ ಏನೋ ಎದ್ದು ಬಂತು. ಗಂಡಸಿನ ದನಿಯಂತಿತ್ತು. ಆದರೂ ಕಲಿತ ಬುದ್ಧಿ ಬಿಡಲಿಲ್ಲ. ಬರೀ ಡೊಳ್ಳು ಇದ್ದ, ಯಾರೂ ಮಾತಾಡದ ಇನ್ನೊಂದು ತುಣುಕನ್ನು ಅದಕ್ಕೆ ಕೊಟ್ಟೆ. ಅದರಲ್ಲೂ ಅಂಥದೇ ದನಿ ಎದ್ದಿತು. ಯಂತ್ರ ಇಲ್ಲದ್ದನ್ನೂ ಮಾಡಿಕೊಡುತ್ತಿತ್ತು.

ಆ ಸಂಜೆಯೇ ಆ ಇನ್ನೊಂದು ಫೈಲು ನೆನಪಾಯಿತು. ಒಪ್ಪಿಗೆಯ ತುಣುಕು. ಅದೇ ಮಾಳಪ್ಪ, ಅದೇ ದನಿ, ಅದೇ ಹೌದು. ಕತ್ತರಿಸಿ ಡೊಳ್ಳಿನ ಪೆಟ್ಟಿನ ಮೇಲೆ ಇಟ್ಟರೆ ಮುಗಿಯಿತು. ಆಗುತ್ತದೆಯೇ ನೋಡೋಣ ಎಂದು ಇಟ್ಟೆ. ಒಮ್ಮೆ ಕೇಳಿದೆ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಹೌದಲ್ಲ, ಅಂದು ಹೀಗೇ ಇತ್ತಲ್ಲ ಎನ್ನಿಸಿತು. ಕೂಡಲೇ ಅಳಿಸಿದೆ. ಕಂಪ್ಯೂಟರಿನಿಂದ ಹೋಯಿತು. ನನ್ನ ಕಿವಿಯಿಂದ ಹೋಗಲಿಲ್ಲ. ಅಂದು ಕೇಳಿದ್ದು ಯಾವುದು, ಇಂದು ಜೋಡಿಸಿ ಕೇಳಿದ್ದು ಯಾವುದು ಎಂದು ಬೇರ್ಪಡಿಸುವ ಸಾಫ್ಟ್‌ವೇರು ನನ್ನ ತಲೆಯಲ್ಲಿರಲಿಲ್ಲ. ಮರುದಿನ ಇನ್ನೊಂದು ಕುತ್ತು. ಮಾಳಪ್ಪ ಹೋದಾಗ ಅವನ ಮನೆಯವರು ಹಾಕಿದ್ದ ಫೋಟೋವನ್ನು ಮತ್ತೆ ನೋಡುತ್ತಿದ್ದೆ. ಕೆಂಪು ಮಫ್ಲರ್ ಸುತ್ತಿಕೊಂಡು ನಗುತ್ತಿದ್ದ. ಅಡಿಯಲ್ಲಿ ಮರಾಠಿಯಲ್ಲಿ ಬರೆದಿತ್ತು: ಚಳಿ ಬಿದ್ದ ಮೇಲೆ ಮಗಳು ಪುಣೆಯಿಂದ ತಂದ ಮಫ್ಲರ್, ದವಾಖಾನೆಗೆ ಹೋಗುವ ಮೊದಲಿನ ಫೋಟೋ. ಅಂದರೆ ಹೇಳಿಕೆಯ ಸಂಜೆ ಅವನ ಕೊರಳಲ್ಲಿ ಆ ಮಫ್ಲರ್ ಇರಲು ಸಾಧ್ಯವೇ ಇರಲಿಲ್ಲ. ನನ್ನ ನೆನಪಿನ ಚಿತ್ರದಲ್ಲಿ ಇತ್ತು. ಮಫ್ಲರ್ ಸುಳ್ಳಾದರೆ ಎತ್ತಿದ ಕೈ? ತೆರೆದ ಬಾಯಿ?

ವಸ್ತಿಗೆ ಹೋಗಿ ಅಂದು ನಿಂತಿದ್ದವರನ್ನೆಲ್ಲ ಕೇಳಿದೆ. ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು. ಒಲೆಗುಂಡಿ ತೋಡಿ ಸೀತನಿ ಸುಡುತ್ತಿದ್ದರು. ಕೈಗೆ ಬಿಸಿ ಕಾಳು ಸುರಿಯುತ್ತಲೇ ಒಬ್ಬ ಮುದುಕ ಹೇಳಿದ, "ಅಂದಾ ಅಂತ ನಾನೂ ತಿಳಕೊಂಡಿದ್ನಿರಿ. ಮೊಬೈಲದಾಗ ಕೇಳಿದೆ, ಇಲ್ಲ. ಮುದಿ ಕಿವಿ, ನಾನ ಚುಕಿ ಮಾಡಿರಬೇಕು." ಒಬ್ಬ ಮುದುಕಿ, "ನಾ ಕೇಳೀನಿ ಅಂದ್ರ ನನ್ನ ಸೊಸಿ ನಗತಾಳ್ರೀ. ಅತ್ತಿ, ಮಶೀನಿಗಿ ಕೇಳಿಸಿಲ್ಲಂತ, ನಿನಗ ಹ್ಯಾಂಗ ಕೇಳಿಸ್ತು ಅಂತಾಳ." ಎಲ್ಲರೂ ಅಂದು ಅಲ್ಲೇ ಇದ್ದವರು. ಎಲ್ಲರೂ ತಮ್ಮ ಕಿವಿಯನ್ನು ಬಿಟ್ಟು ನನ್ನ ಮೈಕಿನ ಕಿವಿಯನ್ನು ನಂಬತೊಡಗಿದ್ದರು. ಅದನ್ನು ಅಲ್ಲಿ ಇಟ್ಟವನು ನಾನು.

ಬೀರಪ್ಪಜ್ಜನನ್ನು ಕೇಳುವಂತಿರಲಿಲ್ಲ. ನುಡಿದ ಪೂಜಾರಿ ತನ್ನ ಹೇಳಿಕೆಯನ್ನು ತಾನು ಕೇಳಬಾರದು ಎಂಬುದು ಅಲ್ಲಿಯ ಕಟ್ಟು. "ಮೈಮ್ಯಾಲ ಬಂದಾಗ ಆಡಿದ್ದು ನನ್ನದಲ್ಲ ತಮ್ಮಾ, ನನಗ ನೆಪ್ಪ ಇರಂಗಿಲ್ಲ," ಎಂದ. "ಮಂದಿ ಬಂದು ಹೇಳತಾರ, ನೀ ಹಿಂಗ ಅಂದಿ ಅಂತ. ನಾ ಹೂಂ ಅಂತೀನಿ." ಯಾರಾದರೂ ವಿಡಿಯೋ ಹಚ್ಚಿದರೆ ಅವನು ಕಂಬಳಿ ತಲೆಗೆಳೆದುಕೊಂಡು ಹೊರಗೆ ಹೋಗುತ್ತಿದ್ದ. ನೆನಪಿಲ್ಲ ಎಂದು ಅಷ್ಟು ಸಮಾಧಾನದಿಂದ ಹೇಳುವವನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಮಾದೇವಿ ಒಮ್ಮೆ ಒಬ್ಬಳೇ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬಂದಳು. ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿಕೊಂಡು ಆ ತುಣುಕನ್ನು ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ನೀವು ಅಂದು ಎಲ್ಲಿದ್ರಿ?" ಎಂದೆ.

"ದೇವರ ಹಿಂದ, ದೀಪಕ್ಕ ಎಣ್ಣಿ ಹಾಕಾಕತ್ತಿದ್ನಿ. ನನ್ನ ಹೆಸರ ಕೇಳಿ ಎಣ್ಣಿ ಚೆಲ್ಲಿತು. ಮುಂದಿಂದು ಏನೂ ಕೇಳಿಲ್ರಿ." ಹೆಡ್‌ಫೋನ್ ತೆಗೆದಿಟ್ಟಳು. ಆಮೇಲೆ, "ಸುಗ್ಗಿ ಆದ ಮ್ಯಾಲ ಎಲ್ಲಾರೂ ಗುಡಿ ಮುಂದ ಕೂಡತಾರ. ಬೆತ್ತ ಯಾರಿಗೆ ಅಂತ ಅವತ್ತ ಫೈಸಲಾ. ಅದು ಅವರ ಮನಿಗಿ ಹೋದ್ರ ನಮ್ಮನ್ನ ಖೋಲಿ ಬಿಡಸತಾರ. ಅಪ್ಪನ್ನ ಕರಕೊಂಡು ನಾ ಎಲ್ಲಿ ಹೋಗಲಿ? ನೀವೂ ಬರ್ರಿ. ಕೇಳಿದ್ದು ಕೇಳೀನಿ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ. ಸುಳ್ಳ ಹೇಳ್ರಿ ಅಂತ ನಾ ಬಂದಿಲ್ಲ."

ಸುಳ್ಳು ಹೇಳಿ ಎಂದಿದ್ದರೆ ಸುಲಭವಾಗುತ್ತಿತ್ತು. ಆಗುವುದಿಲ್ಲ ಎಂದು ಹೇಳಿ ಕಳಿಸಬಹುದಿತ್ತು. ಅವಳು ಕೇಳಿದ್ದು ನಿಜ. ಅದೇ ನನ್ನಲ್ಲಿರಲಿಲ್ಲ. ಮೇಡಂಗೆ ಹೇಳಿದೆ. "ಹೋಗು. ಆದರೆ ತೀರ್ಪು ಕೊಡಬೇಡ," ಎಂದರು. ಆ ಮಾತು ಈ ಸಲ ಹಿಡಿಸಲಿಲ್ಲ.

ಸುಗ್ಗಿ ಮುಗಿಯಿತು. ಹೊಲದಲ್ಲಿ ಜೋಳದ ಕೂಳೆ ಮಾತ್ರ ಉಳಿದಿತ್ತು, ಅದರ ನಡುವೆ ಕುರಿ ಮೇಯುತ್ತಿದ್ದವು. ಬಿಸಿಲು ಚುರುಗುಟ್ಟತೊಡಗಿತ್ತು. ನಾನು ಹೋಗುವಷ್ಟರಲ್ಲಿ ಗುಡಿಯ ಮುಂದಿನ ಬೇವಿನ ನೆರಳಿನಲ್ಲಿ ಜನ ಸೇರಿದ್ದರು. ಅಣ್ಣತಮ್ಮಂದಿರ ಮನೆಯವರು ಒಂದು ಕಡೆ, ಅವರ ಮುಂದೆ ಧೂಳಪ್ಪ. ಮಾದೇವಿ ಭಂಡಾರದ ತಟ್ಟೆ ಹಿಡಿದುಕೊಂಡು ಹೆಂಗಸರ ಮುಂದೆ ನಿಂತಿದ್ದಳು. ಬೆತ್ತ ದೇವರ ಮುಂದೆ ಅಡ್ಡಲಾಗಿ ಮಲಗಿತ್ತು.

"ಬಂದ್ರು ನೋಡ್ರಿ ಮಶೀನ ಮಾಸ್ತರ," ಎಂದ ಯಾರೋ. "ಜಾಗಾ ಬಿಡ್ರಿ, ಮಶೀನ ಕುಂಡ್ರತೈತಿ."

ನಗೆ ನಿಂತ ಮೇಲೆ ಧೂಳಪ್ಪ ಎದ್ದು ನೇರವಾಗಿ ಕೇಳಿದ, "ಸರ್ರ, ದೇವರ ಮುಂದ ಹೇಳ್ರಿ. ನಮ್ಮಪ್ಪ ಹೌದು ಅಂದಿದ್ದು ಕೇಳೀರೋ ಇಲ್ಲೋ?"

"ಕೇಳಿದಂಗ ನೆಪ್ಪೈತಿ," ಎಂದೆ. ಅವರ ಮಾತೇ ನನ್ನ ಬಾಯಲ್ಲಿ ಬಂತು. "ಆದ್ರ ಆ ನೆಪ್ಪಿನ ಮ್ಯಾಲ ನನಗ ಭರೋಸಾ ಇಲ್ಲ." ಮಫ್ಲರಿನ ವಿಷಯ ಹೇಳಿದೆ. ಒಪ್ಪಿಗೆಯ ಹೌದನ್ನು ಜೋಡಿಸಿ ಕೇಳಿ ಅಳಿಸಿದ್ದನ್ನೂ ಹೇಳಿದೆ.

ಗುಜುಗುಜು ಎದ್ದಿತು. "ಇಷ್ಟ ಸಾಲಿ ಕಲತು ಕಿವಿ ಇದ್ದೂ ಇಲ್ಲದಂಗ ಆತಲ್ಲೋ," ಎಂದ ಒಬ್ಬ. "ಜೋಡಸಾಕ ಬರತೈತಿ ಅಂದ್ರ ಕಡ್ಯಾಕೂ ಬರತೈತಿ," ಎಂದ ಇನ್ನೊಬ್ಬ. "ಹೌದು ಅನ್ನೂದನ್ನ ಇವರ ಕಡದಿಲ್ಲ ಅಂತ ಯಾಂವ ಹೇಳಬೇಕು?" ನನಗೆ ಅದು ಹೊಳೆದೇ ಇರಲಿಲ್ಲ. ಮಾದೇವಿಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ಜಗಳಾ ಬ್ಯಾಡ," ಎಂದ ಧೂಳಪ್ಪ. "ಅಂದಿದ್ದು ನಾ ಇಲ್ಲ ಅಂದ್ರ ಅಪ್ಪನ್ನ ಸುಳ್ಳ ಮಾಡಿದಂಗ. ಅನ್ನದ್ದು ಅಂದಾನ ಅಂದ್ರ ಅವನ ಹೆಸರಲೆ ಸುಳ್ಳ ಹೇಳಿದಂಗ. ನನ್ನ ಕುತ್ತಿಗಿಗಿ ಬಂದೈತಿ. ಎಲ್ಲಾರ ಮುಂದ ಹಚ್ರಿ. ಒಂದ ಸಲ ಎಲ್ಲಾರೂ ಕೂಡಿ ಕೇಳೂಣು. ಇಲ್ಲಂದ್ರ ಇಲ್ಲ."

ಬೀರಪ್ಪಜ್ಜ ಎದ್ದು, ಮಗಳ ಹೆಗಲು ಹಿಡಿದು, ಗುಡಿಯ ಆಚೆ ಮಗ್ಗುಲಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತ. ಮಾದೇವಿ ಮರಳಿ ಬಂದು ನನ್ನ ಹಿಂದೆ ನಿಂತಳು. ಭಜನೆಯ ಸ್ಪೀಕರಿಗೆ ರೆಕಾರ್ಡರ್ ಜೋಡಿಸಿದೆ. ಮೂಲ ಫೈಲು, ಏನೂ ತೆಗೆಯದ್ದು, ಏನೂ ಸೇರಿಸದ್ದು.

ಅಜ್ಜನ ದನಿ ಮಳೆ ಹೇಳಿತು. ಸತ್ತ ಮಾಳಪ್ಪ ಹೌದು ಎಂದ. ಹೆಂಗಸರಲ್ಲಿ ಯಾರೋ ಬಿಕ್ಕಿದರು. ಡೊಳ್ಳು. ಜೋಳ. ಹೌದು. ಧೂಳಪ್ಪ ತಲೆ ತಗ್ಗಿಸಿ ನಿಂತಿದ್ದ. ರೋಗ. ಹೌದು. ನಿಂತವರೆಲ್ಲ ಡೊಳ್ಳಿನ ಲಯಕ್ಕೆ ಸಣ್ಣಗೆ ತೂಗತೊಡಗಿದ್ದರು, ತಮಗೇ ಗೊತ್ತಿಲ್ಲದೆ. ಆಮೇಲೆ ಆ ಮಾತು ಬಂತು: ನನ್ನ ಬೆತ್ತ ಮಾದೇವಿ ಕೈಯಾಗ ಕೊಡ್ರಿ.

"ಹೌದು!"

ಡೊಳ್ಳಿನ ಪೆಟ್ಟಿನ ಮೇಲೆಯೇ, ಸ್ಪಷ್ಟವಾಗಿ. ಒಂದು ಗಳಿಗೆ ಎಲ್ಲರೂ ಸ್ಪೀಕರಿನ ಕಡೆ ನೋಡಿದರು. ನಾನೂ ನೋಡಿದೆ. ಇಷ್ಟು ಸಲ ಕೇಳಿದ್ದರಲ್ಲಿ ಇಲ್ಲದ್ದು ಈಗ ಹೇಗೆ ಬಂತು? ಆಮೇಲೆ ಒಬ್ಬೊಬ್ಬರಾಗಿ ತಲೆ ತಿರುಗಿಸಿದರು. ಧೂಳಪ್ಪನ ಬಲಗೈ ಮೇಲೆದ್ದಿತ್ತು. ಅಂಗೈ ಬಿಚ್ಚಿತ್ತು. ಬಾಯಿ ಇನ್ನೂ ತೆರೆದಿತ್ತು. ತನ್ನ ಕೈಯನ್ನು ತಾನೇ ಯಾರದೋ ಎಂಬಂತೆ ನೋಡುತ್ತಿದ್ದ.

ಸ್ಪೀಕರಿನಲ್ಲಿ ಡೊಳ್ಳು ಬಾರಿಸುತ್ತಲೇ ಇತ್ತು. ಆರಿಸುವುದು ನನಗೆ ಹೊಳೆಯಲಿಲ್ಲ.

"ಅದು... ಬಾಯಿ ತಪ್ಪಿ ಬಂತು," ಎಂದ ಧೂಳಪ್ಪ.

"ಮಶೀನಿಗಿ ಅಂದದ್ದು ದೇವರಿಗಿ ಅಂದಂಗ ಹ್ಯಾಂಗ ಆಗತೈತಿ?" ಅಣ್ಣತಮ್ಮಂದಿರ ಮನೆಯವನೊಬ್ಬ ಎದ್ದ. "ಇದು ನಡ್ಯಾಂಗಿಲ್ಲ."

"ಮತ್ತ ಇಷ್ಟ ದಿನಾ ಮಶೀನ ಹೇಳಿದ್ದನ್ನ ದೇವರ ಹೇಳಿದಂಗ ಹಿಡಕೊಂಡು ಕುಂತಾವ್ರು ನೀವ ಅಲ್ಲೇನೋ?" ಸೊಸೆ ನಗುತ್ತಾಳೆಂದು ಹೇಳಿದ್ದ ಆ ಮುದುಕಿ ಕೂಗಿದಳು. ಈ ಸಲ ಅವಳ ಸೊಸೆಯೂ ಅತ್ತೆಯ ಪರವಾಗಿಯೇ ನಕ್ಕಳು.

ಗುಡಿಯ ಆಚೆಯಿಂದ ಬೀರಪ್ಪಜ್ಜನ ದನಿ ಬಂತು. "ಏನಾತು? ಯಾರಂದ್ರು?"

ಎಲ್ಲರೂ ಧೂಳಪ್ಪನನ್ನು ನೋಡುತ್ತಿದ್ದರು. ಅವನು ಎತ್ತಿದ ಕೈಯನ್ನು ಇಳಿಸಿದ. ಆಮೇಲೆ ಮಾದೇವಿಯ ಕಡೆ ನಡೆದು ಅವಳ ಕೈಯ ತಟ್ಟೆಯಿಂದ ಹಿಡಿ ಭಂಡಾರ ತೆಗೆದುಕೊಂಡ.

"ನಮ್ಮಪ್ಪ ಅಂದಿದ್ನೋ ಇಲ್ಲೋ ನನಗ ಗೊತ್ತಿಲ್ಲ ಕಾಕಾ," ಎಂದ ಅಜ್ಜನಿಗೆ ಕೇಳುವಂತೆ. "ನಾ ಅಂದೀನಿ." ಭಂಡಾರ ಎರಚಿದ. "ಸರ್ರ, ಇನ್ನ ಅದನ್ನ ಬಂದ್ ಮಾಡ್ರಿ."

ಅಣ್ಣತಮ್ಮಂದಿರ ಮನೆಯ ಕೆಲವರು ಎದ್ದು ಹೋದರು. ಉಳಿದವರು ನಿಂತರು. ಬೆತ್ತ ಎತ್ತಿಕೊಂಡಾಗ ಮಾದೇವಿ ಅಳಲಿಲ್ಲ, ನಗಲಿಲ್ಲ. ಅದರ ತುದಿಗೆ ಹತ್ತಿದ ಧೂಳನ್ನು ಸೆರಗಿನಿಂದ ಒರೆಸಿದಳು. ಈ ಯಾವುದೂ ಮುದ್ರಣವಾಗಲಿಲ್ಲ. ರೆಕಾರ್ಡರ್ ಕೇಳಿಸುವ ಕೆಲಸದಲ್ಲಿತ್ತು, ಕೇಳುವ ಕೆಲಸದಲ್ಲಿರಲಿಲ್ಲ. ಯಾರೂ ಮೊಬೈಲ್ ಎತ್ತಿರಲಿಲ್ಲ. ತಾಣದಲ್ಲಿ ಆ ಹೇಳಿಕೆಯ ಬರಹವನ್ನು ತಿದ್ದಿ, ಕೊನೆಯ ಮಾತಿನ ಕೆಳಗೆ 'ಕೇಳಿಸುವುದಿಲ್ಲ' ಎಂದು ಹಾಕಿದೆ. ಈಗಲೂ ಹಾಗೇ ಇದೆ.

ಸಾಮಾನು ಒಪ್ಪಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ಅಕ್ಕಲಕೋಟೆಯ ಬಸ್ಸು ಹತ್ತಿದೆ, ಅಲ್ಲಿಂದ ಶೇರ್ ರಿಕ್ಷಾ. ತಗಡಿನ ಕೋಣೆಗೆ ಈಗ ಸಿಮೆಂಟಿನ ಕಟ್ಟೆ ಬಂದಿದೆ. ಬೀರಪ್ಪಜ್ಜ ಹಾಸಿಗೆ ಹಿಡಿದಿದ್ದಾನೆ, ಆದರೂ ಗುರುತು ಹಿಡಿದ. ಮಾದೇವಿ ಚಹಾ ಕೊಟ್ಟಳು. ಬೆತ್ತ ಬಾಗಿಲ ಮೂಲೆಗೆ ಒರಗಿತ್ತು.

"ಅವತ್ತ ನೀವಿಲ್ಲಂದ್ರ ಆಗತಿದ್ದಿಲ್ರಿ ಸರ್ರ," ಎಂದಳು.

"ನಾನೇನು ಮಾಡಿದೆ? ಹೌದು ಅಂದಾವ ಧೂಳಪ್ಪ."

"ಮೊದಲ ಅಂದಾವ್ರು ನೀವ ಅಲ್ಲೇನ್ರಿ?"

"ನಾನಾ?"

"ಅಲ್ಲಾ ಮತ್ತ? ನಾ ನಿಮ್ಮ ಬೆನ್ನಿಗೇ ನಿಂತಿದ್ನೆಲ್ಲ. ಸಣ್ಣಗ ಅಂದ್ರಿ. ಅದರ ಬೆನ್ನಿಗೇ ಧೂಳಪ್ಪ ಒದರಿದ." ಅವಳು ಎಂದಿನಂತೆ ಮುಖದಲ್ಲಿ ಏನೂ ತೋರದೆ ಹೇಳಿದಳು. "ನಿಮಗ ನೆಪ್ಪಿಲ್ಲೇನು?"

ನೆನಪಿಲ್ಲ. ನನ್ನ ನೆನಪಿನಲ್ಲಿ ಒಂದೇ ದನಿ ಇದೆ, ಅದು ಧೂಳಪ್ಪನದು. ಆದರೆ ನನ್ನ ನೆನಪಿನಲ್ಲಿ ಮಾಳಪ್ಪನ ಕೊರಳಿಗೆ ಕೆಂಪು ಮಫ್ಲರೂ ಇತ್ತು. ನಾನು ಮೊದಲು ಅಂದದ್ದು ನಿಜವಾದರೆ, ಧೂಳಪ್ಪ ಉತ್ತರ ಕೊಟ್ಟದ್ದು ದೇವರಿಗೋ, ಯಂತ್ರಕ್ಕೋ, ನನಗೋ? ಧೂಳಪ್ಪನನ್ನು ಕೇಳೋಣವೆಂದುಕೊಂಡೆ. ಕೇಳಿ ಏನು ಮಾಡುವುದು? ಅವನು ಹೇಳಿದ್ದನ್ನು ನಂಬುವುದು ಯಾವ ಆಧಾರದ ಮೇಲೆ?

ಹೊತ್ತು ಇಳಿದಿತ್ತು. ಮಾದೇವಿ ಎದ್ದು, ಬೆತ್ತ ತೆಗೆದುಕೊಂಡು, ಗುಡಿಯ ದೀಪ ಹಚ್ಚಿದಳು. ದಿನದ ಪೂಜೆಯ ಪದಕ್ಕೂ ಸಾಲಿಗೊಂದು ಹೌದು ಬೇಕು; ಅದನ್ನು ಹೇಳತೊಡಗಿದಳು. ಧೂಳಪ್ಪ ಟೆಂಪೋ ನಿಲ್ಲಿಸಿ ಚಪ್ಪಲಿ ಬಿಟ್ಟು ಬಂದು ಅವಳ ಎದುರಿಗೆ ನಿಂತ, ನನ್ನನ್ನು ನೋಡಿ ತಲೆಯಾಡಿಸಿದ. ನಾನು ಹಿಂದೆ, ಸ್ವಲ್ಪ ದೂರದಲ್ಲಿ, ಬರೀ ಕೈಯಲ್ಲಿ ನಿಂತಿದ್ದೆ. ರೆಕಾರ್ಡರ್ ಇರಲಿಲ್ಲ. ಮೊಬೈಲ್ ಜೇಬಿನಲ್ಲಿತ್ತು. ಒಂದು ಪರೀಕ್ಷೆ ಮಾಡೋಣವೆಂದು ತೋರುಬೆರಳನ್ನು ತುಟಿಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡೆ.

ಮಾದೇವಿಯ ಸಾಲು ಮುಗಿಯಿತು. "ಹೌದು," ಎಂದ ಧೂಳಪ್ಪ.

ಅದಕ್ಕೆ ಸ್ವಲ್ಪ ಮೊದಲು, ಬೆರಳಿನ ಕೆಳಗೆ, ನನ್ನ ತುಟಿ ಅಲುಗಿತ್ತು.